ಎಸ್‌ಎಸ್‌ಎಲ್‌ಸಿ ವಿಜ್ಞಾನ ಪಾಸಾಗಲು ಕೈಯಾರೆ ಪ್ರಯೋಗ ಮಾಡಿರಬೇಕು ಅನ್ನೋಣವೇ? ನಮ್ಮ ಮೂರೂ ಜಿಲ್ಲೆಯವರು ಹೇಳಿ

ಜಮಖಂಡಿ ವಿಜ್ಞಾನ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಜಮಖಂಡಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕಿ. 2025ರ ಅಕ್ಟೋಬರ್‌ನಲ್ಲಿ ಪಾಸಿಂಗ್ ಅಂಕ ಇಳಿಸಿದ ಸುದ್ದಿ ಬಂದಾಗಿನಿಂದ ನಮ್ಮ ಕಡೆಯ ಎಲ್ಲ ವಾಟ್ಸಾಪ್ ಗುಂಪಿನಲ್ಲೂ ಒಂದೇ ಜಗಳ. 35 ಇದ್ದದ್ದು 33 ಆಯಿತು, ಇದು ಒಳ್ಳೆಯದಾ, ಕೆಟ್ಟದ್ದಾ? ಮಕ್ಕಳು ಹಾಳಾಗುತ್ತಾರೆ ಎಂದು ಒಬ್ಬರು, ಬಡ ಮಕ್ಕಳು ಉಳಿದರು ಎಂದು ಇನ್ನೊಬ್ಬರು. ವಿಜ್ಞಾನದ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಅದನ್ನು ಇಲ್ಲಿ ಇಡುತ್ತೇನೆ.

ಮೊದಲು ಲೆಕ್ಕ ನೋಡಿ. ವಿಜ್ಞಾನಕ್ಕೆ 100 ಅಂಕ. ಅದರಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಹಿಂದೆ ಲಿಖಿತದಲ್ಲಿ 80ಕ್ಕೆ 28 ಬರಲೇಬೇಕಿತ್ತು. ಈಗ ಎಲ್ಲ ವಿಷಯ ಸೇರಿ ಒಟ್ಟು 625ಕ್ಕೆ 206, ಅಂದರೆ ಸುಮಾರು ಶೇ 33 ಬರಬೇಕು, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಇರಬೇಕು. ಆಂತರಿಕ ಅಂಕವನ್ನೂ ಸೇರಿಸಿ 30 ಎಂದು ಹಿಡಿದರೆ, ಶಾಲೆಯಲ್ಲಿ 20ಕ್ಕೆ 18 ಸಿಕ್ಕ ಮಗುವಿಗೆ ಲಿಖಿತದಲ್ಲಿ 12 ಸಾಕು. ಅಂದರೆ ಪಾಸಾಗುವ ಗೆರೆಯ ಬಳಿ ಇರುವ ಮಕ್ಕಳಿಗೆ ಅರ್ಧಕ್ಕಿಂತ ಜಾಸ್ತಿ ಅಂಕ ಬರುವುದು ನಮ್ಮ ಕೈಯಿಂದ, ಶಿಕ್ಷಕರ ಕೈಯಿಂದ.

ಆ 20 ಅಂಕವನ್ನು ನಾವು ಯಾವುದಕ್ಕೆ ಕೊಡುತ್ತಿದ್ದೇವೆ? ಕಾಗದದ ಮೇಲೆ ಅದು ರೂಪಣಾತ್ಮಕ ಮೌಲ್ಯಮಾಪನ. ಚಟುವಟಿಕೆ, ಯೋಜನೆ, ಕಿರು ಪರೀಕ್ಷೆ ಎಲ್ಲ ಸೇರಿ ಬರುವ ಅಂಕ. ಎಷ್ಟೋ ಕಡೆ ಚಟುವಟಿಕೆ ಅಂದರೆ ಅಂಗಡಿಯಿಂದ ಚಾರ್ಟ್ ತಂದು ಹಚ್ಚುವುದು, ಇಲ್ಲವೇ ಪ್ರಾಜೆಕ್ಟ್ ಪುಸ್ತಕ ನೋಡಿ ಬರೆಯುವುದು. ಉಳಿದ ಲಿಖಿತಕ್ಕೆ ಪಾಸಿಂಗ್ ಪ್ಯಾಕೇಜ್ ಇದೆ, ಅಂದರೆ ಪಾಸಾಗಲು ಬೇಕಾದಷ್ಟೇ ಪ್ರಶ್ನೆಗಳ ಗಂಟು. ಹೃದಯದ ಚಿತ್ರ, ಕಣ್ಣಿನ ಚಿತ್ರ, ನೆಫ್ರಾನ್ ಚಿತ್ರ, ಓಮ್‌ನ ನಿಯಮ, ನಾಲ್ಕು ಸಮೀಕರಣ. ಜನವರಿಯಿಂದ ಇದನ್ನೇ ತಿದ್ದಿಸುತ್ತೇವೆ. ಮಗು ಪಾಸಾಗುತ್ತದೆ. ಹತ್ತನೆಯ ವಿಜ್ಞಾನ ಮುಗಿಸಿದ ಆ ಮಗು ಲಿಟ್ಮಸ್ ಕಾಗದ ಮುಟ್ಟಿರುವುದಿಲ್ಲ. ಬ್ಯಾಟರಿಗೆ ತಂತಿ ಜೋಡಿಸಿ ಬಲ್ಬ್ ಉರಿಸಿರುವುದಿಲ್ಲ. ಮಸೂರ ಹಿಡಿದು ಕಿಟಕಿಯ ಚಿತ್ರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ನೋಡಿರುವುದಿಲ್ಲ.

ನಮ್ಮಲ್ಲಿ ಪಿಯುಗೆ ಪ್ರಾಕ್ಟಿಕಲ್ ಪರೀಕ್ಷೆ ಇದೆ, ಎಸ್‌ಎಸ್‌ಎಲ್‌ಸಿಗೆ ಇಲ್ಲ. ಆದರೆ ಪಿಯುನಲ್ಲಿ ವಿಜ್ಞಾನ ತೆಗೆದುಕೊಳ್ಳುವವರು ಕೆಲವರು ಮಾತ್ರ. ಉಳಿದವರಿಗೆ ಹತ್ತನೆಯದೇ ಬದುಕಿನ ಕೊನೆಯ ವಿಜ್ಞಾನ ತರಗತಿ. ಆರ್ಟ್ಸ್‌ಗೆ ಹೋಗುವ ಹುಡುಗಿಗೆ, ಐಟಿಐಗೆ ಹೋಗುವ ಹುಡುಗನಿಗೆ, ಓದು ಬಿಟ್ಟು ಹೊಲಕ್ಕೆ ಹೋಗುವವನಿಗೆ ಮುಂದೆ ಇನ್ಯಾರೂ ಪ್ರಯೋಗ ಮಾಡಿಸುವುದಿಲ್ಲ.

ಅದಕ್ಕೇ ನನ್ನ ಬೇಡಿಕೆ ಇದು. ಆಂತರಿಕ 20ರಲ್ಲಿ 10 ಅಂಕವನ್ನು ಪ್ರಾಯೋಗಿಕ ಪರೀಕ್ಷೆಗೆ ಇಡಬೇಕು. ಪಠ್ಯಪುಸ್ತಕದಲ್ಲಿರುವ ಪ್ರಯೋಗಗಳಲ್ಲೇ ಒಂದಿಷ್ಟು ಆರಿಸಬೇಕು. ಚೀಟಿ ಎತ್ತಿ, ಬಂದದ್ದನ್ನು ಮಗು ತಾನೇ ಮಾಡಿ ತೋರಿಸಬೇಕು. ನೋಡಲು ಪಕ್ಕದ ಶಾಲೆಯ ವಿಜ್ಞಾನ ಶಿಕ್ಷಕರು ಬರಬೇಕು. ಇದರಲ್ಲಿ ಒಂದು ಕನಿಷ್ಠ ಅಂಕ ಬಂದರೆ ಮಾತ್ರ ವಿಜ್ಞಾನ ಪಾಸು. ಉಳಿದಂತೆ ಪಾಸಿಂಗ್ ಅಂಕ 33 ಇರಲಿ, 30 ಇರಲಿ, ನನ್ನ ತಕರಾರಿಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಏನನ್ನುತ್ತೀರಿ?

ಚಿಕ್ಕೋಡಿ ಪಾಲಕ:

ಟೀಚರ್, ನಾನು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಮಗ ಈಗ ಹತ್ತನೆಯಲ್ಲಿದ್ದಾನೆ. ನೀವು ಹೇಳಿದ್ದು ನಮ್ಮ ಮನೆಯದೇ ಕತೆ. ಅವನು ಆಮ್ಲ, ಪ್ರತ್ಯಾಮ್ಲ ಎಂದು ಗಟ್ಟಿಯಾಗಿ ಓದುತ್ತಾನೆ. ನಮ್ಮ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕಿ ಅದರ ಆಮ್ಲ ಇಳಿಸುತ್ತೇವೆ, ಪಿಎಚ್ (ಆಮ್ಲ, ಪ್ರತ್ಯಾಮ್ಲದ ಅಳತೆ) ನೋಡುತ್ತೇವೆ, ಅದಿಲ್ಲದೆ ಸಕ್ಕರೆಯೇ ಆಗುವುದಿಲ್ಲ ಎಂದರೆ ಅವನಿಗೆ ನಂಬಿಕೆ ಬರಲಿಲ್ಲ. ಪುಸ್ತಕದಲ್ಲಿ ಇರುವುದು ಬೇರೆ ಪಿಎಚ್ ಎಂದುಕೊಂಡಿದ್ದ.

ನಮ್ಮ ಬೀಗರು ಗಡಿಯ ಆಚೆ ಕೊಲ್ಹಾಪುರ ಜಿಲ್ಲೆಯಲ್ಲಿದ್ದಾರೆ. ಮಹಾರಾಷ್ಟ್ರ ಬೋರ್ಡಿನ ಹತ್ತನೆಯಲ್ಲಿ ವಿಜ್ಞಾನಕ್ಕೆ 40ರ ಎರಡು ಲಿಖಿತ ಪತ್ರಿಕೆ, 20 ಅಂಕಕ್ಕೆ ಪ್ರಾಕ್ಟಿಕಲ್. ಅಲ್ಲಿ ಆಗುತ್ತದೆ ಅಂದರೆ ನಮ್ಮಲ್ಲಿ ಯಾಕಾಗಬಾರದು? ಸಿಬಿಎಸ್‌ಇಯಲ್ಲೂ ಹತ್ತನೆಯ ಆಂತರಿಕ 20ರೊಳಗೆ 5 ಅಂಕ ಲ್ಯಾಬ್ ಕೆಲಸಕ್ಕಿದೆ.

ಇನ್ನೊಂದು ವಿಚಾರ. ಸಿಬಿಎಸ್‌ಇಯವರು 2020ರ ಪರೀಕ್ಷೆಯಿಂದ ಗಣಿತದಲ್ಲಿ ಬೇಸಿಕ್, ಸ್ಟ್ಯಾಂಡರ್ಡ್ ಎಂದು ಎರಡು ಹಂತ ಮಾಡಿದರಲ್ಲ, ವಿಜ್ಞಾನದಲ್ಲೂ ಹಾಗೇ ಮಾಡಿದರೆ ಹೇಗೆ? ಮುಂದೆ ಸೈನ್ಸ್ ಬೇಡ ಅನ್ನುವವನು ಬೇಸಿಕ್ ಬರೆಯಲಿ. ಬೇಕು ಅನ್ನುವವನು ದೊಡ್ಡ ಪತ್ರಿಕೆ ಬರೆಯಲಿ. ಮಹಾರಾಷ್ಟ್ರದಲ್ಲಿ 2024ರಲ್ಲಿ ಇದಕ್ಕೆ ಹತ್ತಿರದ ಒಂದು ಪ್ರಸ್ತಾಪ ಬಂದಿತ್ತು. ಗಣಿತ, ವಿಜ್ಞಾನದಲ್ಲಿ 20 ಬಂದರೂ ಹನ್ನೊಂದನೆಗೆ ಬಿಡುವುದು, ಆದರೆ ಮುಂದೆ ಆ ವಿಷಯ ಓದುವಂತಿಲ್ಲ ಎಂದು ಅಂಕಪಟ್ಟಿಯಲ್ಲಿ ಬರೆಯುವುದು. ಪಾಲಕನಾಗಿ ನನಗೆ ಅದು ತಪ್ಪು ಅನ್ನಿಸಲಿಲ್ಲ.

ಇಂಡಿ ಹೆಡ್ ಮಾಸ್ತರ್:

ನಾನು ಇದನ್ನು ಒಪ್ಪುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಟೀಚರ್ ಬೇಜಾರು ಮಾಡಿಕೊಳ್ಳಬಾರದು.

ನಮ್ಮ ಶಾಲೆಗೆ ಸುತ್ತಲಿನ ತಾಂಡಾಗಳಿಂದ ಮಕ್ಕಳು ಬರುತ್ತಾರೆ. ದೀಪಾವಳಿ ಹಿಂದೆ ಮುಂದೆ ಮುಕಾದಮರು (ಕೂಲಿ ಗುತ್ತಿಗೆದಾರರು) ಮುಂಗಡ ಕೊಟ್ಟು ಕಬ್ಬು ಕಡಿಯುವ ಗ್ಯಾಂಗ್ ಕಟ್ಟುತ್ತಾರೆ. ತಂದೆ ತಾಯಿ ಗುಳೆ ಹೋಗುತ್ತಾರೆ. ಕೆಲವು ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಕೆಲವರು ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಜೊತೆಗೆ ಹೋಗಿಬಿಡುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳು. ಅವರನ್ನು ಫೋನ್ ಮಾಡಿ ಕರೆಸಿ, ಹಾಲ್‌ಟಿಕೆಟ್ ಕೈಗೆ ಕೊಟ್ಟು, ಪರೀಕ್ಷೆಗೆ ಕೂರಿಸುವುದೇ ನಮ್ಮ ವರ್ಷದ ದೊಡ್ಡ ಕೆಲಸ. ಅವಳಿಗೆ ಹೋಗಿ ನೀನು ಪ್ರಯೋಗ ಮಾಡಿಲ್ಲ, ನಿನಗೆ ವಿಜ್ಞಾನ ಫೇಲ್ ಎಂದು ಹೇಳಬೇಕಾ? ಹತ್ತನೆ ಫೇಲ್ ಆದ ಹೆಣ್ಣುಮಗುವಿಗೆ ಮುಂದೇನಾಗುತ್ತದೆ ಎಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಆ ವರ್ಷವೇ ಮದುವೆ ಮಾತು ಶುರು.

2024ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನಿಗಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, 20 ಶೇಕಡಾ ಗ್ರೇಸ್ (ಕೃಪಾಂಕ) ಕೊಟ್ಟ ಮೇಲೂ ಶೇ 73.40ಕ್ಕೆ ನಿಂತಿತು. ಮರುವರ್ಷ ಗ್ರೇಸ್ ತೆಗೆದರು. ಒಂದೊಂದು ವರ್ಷ ಒಂದೊಂದು ನಿಯಮ. ಕಾಪಿ ತಡೆದದ್ದು ಸರಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲಿಸುವ ವ್ಯವಸ್ಥೆ ಸರಿ ಮಾಡದೆ ಪರೀಕ್ಷೆಯ ಬಾಗಿಲು ಮಾತ್ರ ಬಿಗಿ ಮಾಡಿದರೆ ಬಡವರ ಮಕ್ಕಳೇ ಹೊರಗೆ ನಿಲ್ಲುತ್ತಾರೆ.

ಲ್ಯಾಬ್ ವಿಷಯಕ್ಕೆ ಬನ್ನಿ. ಕೊಠಡಿ ಇದ್ದರೆ ನೀರಿಲ್ಲ. ನೀರಿದ್ದರೆ ಸಾಮಾನಿಲ್ಲ. ಸಾಮಾನಿದ್ದರೆ ಮಾಡಿಸುವವರಿಲ್ಲ. ಹುದ್ದೆ ಖಾಲಿ ಇದ್ದ ಕಡೆ ಅತಿಥಿ ಶಿಕ್ಷಕರು ಬರುತ್ತಾರೆ, ಅವರು ಬರುವಷ್ಟರಲ್ಲಿ ಮಳೆಗಾಲ ಅರ್ಧ ಮುಗಿದಿರುತ್ತದೆ. ಆಸಿಡ್ ಬಾಟಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವವರ ಭಯವೂ ನನಗೆ ಅರ್ಥವಾಗುತ್ತದೆ. ಮಗುವಿನ ಕೈ ಸುಟ್ಟರೆ ಊರವರ ಮುಂದೆ ಉತ್ತರ ಹೇಳಬೇಕಾದವನು ಹೆಡ್ ಮಾಸ್ತರ್. ಶಾಲೆಯ ಕೊರತೆಗೆ ಮಗುವನ್ನು ಫೇಲ್ ಮಾಡುವ ನಿಯಮ ನ್ಯಾಯವಲ್ಲ.

ಚಿಕ್ಕೋಡಿಯವರು ಹೇಳಿದ ಬೇಸಿಕ್ ವಿಜ್ಞಾನವೂ ಬೇಡ. ನಮ್ಮ ಕಡೆ ಎಲ್ಲ ಶಾಲೆಗೂ ಬೇಸಿಕ್ ಬರುತ್ತದೆ, ಪಟ್ಟಣದ ಶಾಲೆಗೆ ಸ್ಟ್ಯಾಂಡರ್ಡ್. ಹದಿನೈದು ವರ್ಷದ ಮಗುವಿನ ಅಂಕಪಟ್ಟಿಯ ಮೇಲೆ ಇವನು ವಿಜ್ಞಾನಕ್ಕೆ ಆಗದವನು ಎಂದು ಬರೆದು ಕಳಿಸುವುದು ನನಗೆ ಸುತಾರಾಂ ಒಪ್ಪಿಗೆಯಿಲ್ಲ.

ವಿಜಯಪುರ ಪಿಯು ಕೆಮಿಸ್ಟ್ರಿ:

ಹೆಡ್ ಸರ್ ಮಾತಿನಲ್ಲಿ ನಿಜ ಇದೆ. ಆದರೆ ಈ ಕಡೆ ನಿಂತು ನೋಡಿದರೆ ಏನು ಕಾಣುತ್ತದೆ ಎಂದು ನಾನು ಹೇಳುತ್ತೇನೆ. ನಾನು ವಿಜಯಪುರದಲ್ಲಿ ಪಿಯು ಉಪನ್ಯಾಸಕ.

ಜೂನ್‌ನಲ್ಲಿ ಪ್ರಥಮ ಪಿಯು ಸೈನ್ಸ್‌ಗೆ ಬಂದ ಮಕ್ಕಳನ್ನು ಮೊದಲ ಸಲ ಲ್ಯಾಬ್‌ಗೆ ಕರೆದುಕೊಂಡು ಹೋಗುತ್ತೇವೆ. ಹತ್ತನೆಯಲ್ಲಿ ವಿಜ್ಞಾನಕ್ಕೆ 90 ತೆಗೆದ ಮಗು ಪ್ರನಾಳವನ್ನು ಇಕ್ಕಳದಿಂದ ಹಿಡಿಯಲು ನಡುಗುತ್ತದೆ. ಅದರ ಬಾಯಿಯನ್ನು ತನ್ನ ಮುಖದ ಕಡೆಗೇ ತಿರುಗಿಸಿಕೊಂಡು ಕಾಯಿಸುತ್ತದೆ. ಬ್ಯುರೆಟ್ಟಿನಲ್ಲಿ (ಗುರುತು ಹಾಕಿದ ಉದ್ದ ಗಾಜಿನ ಕೊಳವೆ) ಅಳತೆ ಓದುವಾಗ ಕಣ್ಣು ಸಮಕ್ಕೆ ತರಬೇಕು ಎಂದು ಗೊತ್ತಿರುವುದಿಲ್ಲ. ನಿಜ ಹೇಳಬೇಕೆಂದರೆ ಅಂಕಕ್ಕಿಂತ ಧೈರ್ಯದ ಕೊರತೆ ದೊಡ್ಡದು. ಎರಡು ದ್ರಾವಣ ಸೇರಿಸಿದರೆ ಏನೋ ಆಗಿಬಿಡುತ್ತದೆ ಎಂಬ ಹೆದರಿಕೆ. ಆ ಹೆದರಿಕೆಯಲ್ಲೇ ಎಷ್ಟೋ ಮಕ್ಕಳು, ಅದರಲ್ಲೂ ಹಳ್ಳಿಯ ಕನ್ನಡ ಮಾಧ್ಯಮದವರು, ಮೊದಲ ಕೆಲವು ತಿಂಗಳಲ್ಲೇ ಆರ್ಟ್ಸ್‌ಗೆ ಬದಲಾಯಿಸಿಕೊಳ್ಳುತ್ತಾರೆ. ಅವರು ದಡ್ಡರಲ್ಲ. ಒಂದೇ ವರ್ಷ ಮೊದಲೇ ಕೈ ಪಳಗಿದ್ದರೆ ಉಳಿಯುತ್ತಿದ್ದರು.

ಪರ್ಮ್ಯಾಂಗನೇಟ್ ಟೈಟ್ರೇಶನ್‌ನಲ್ಲಿ, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅಳೆಯುವಾಗ, ಒಂದೇ ಒಂದು ಹನಿಗೆ ದ್ರಾವಣ ತಿಳಿಗುಲಾಬಿ ಆಗಿ ಹಾಗೇ ನಿಲ್ಲುತ್ತದಲ್ಲ, ಅದನ್ನು ಮೊದಲ ಸಲ ನೋಡಿದಾಗ ಮಕ್ಕಳ ಮುಖ ನೋಡಬೇಕು. ಅಲ್ಲಿಂದ ಅವರು ಕೇಳುವ ಪ್ರಶ್ನೆಯೇ ಬದಲಾಗುತ್ತದೆ. ಇದು ಪರೀಕ್ಷೆಗೆ ಬರುತ್ತಾ ಸರ್ ಎನ್ನುತ್ತಿದ್ದವರು, ಒಂದು ಹನಿ ಜಾಸ್ತಿ ಬಿದ್ದರೆ ಏನಾಗುತ್ತದೆ ಸರ್ ಎನ್ನುತ್ತಾರೆ.

ಆದರೆ ಟೀಚರ್ ಅವರಿಗೆ ಒಂದು ಎಚ್ಚರಿಕೆ ಕೊಡಲೇಬೇಕು. ಪಿಯುನಲ್ಲಿ 70 ಲಿಖಿತ, 30 ಪ್ರಾಕ್ಟಿಕಲ್. ಹೊರಗಿನ ಪರೀಕ್ಷಕರು ಬಂದರೂ ಎಷ್ಟೋ ಕಡೆ 30ಕ್ಕೆ 30 ಹಂಚಿ ಹೋಗುತ್ತಾರೆ. ನಮ್ಮ ಮಕ್ಕಳಿಗೆ ನೀವು ಕೊಡಿ, ನಿಮ್ಮ ಮಕ್ಕಳಿಗೆ ನಾವು ಕೊಡುತ್ತೇವೆ ಎಂಬ ಒಪ್ಪಂದ ಬಾಯಿ ಬಿಟ್ಟು ಹೇಳದಿದ್ದರೂ ಇರುತ್ತದೆ. ಹತ್ತನೆಗೆ ಪ್ರಾಕ್ಟಿಕಲ್ ತಂದರೆ ಅದೇ ಆಗುತ್ತದೆ. ಅದಕ್ಕೇ ಪ್ರತ್ಯೇಕ ಕನಿಷ್ಠ ಅಂಕ ಬೇಕೇ ಬೇಕು, ಜೊತೆಗೆ ಮಗು ಮಾಡುವುದನ್ನು ನೋಡಿ ಅಲ್ಲೇ ಎರಡು ಪ್ರಶ್ನೆ ಕೇಳುವ ಪದ್ಧತಿ ಬೇಕು. ಯಾಕೆ ಬಣ್ಣ ಬದಲಾಯಿತು? ಇದರ ಬದಲು ಅದು ಹಾಕಿದ್ದರೆ ಏನಾಗುತ್ತಿತ್ತು? ಮಾಡಿದವರಿಗೆ ಉತ್ತರ ಬರುತ್ತದೆ. ರೆಕಾರ್ಡ್ ಪುಸ್ತಕ ಚೆನ್ನಾಗಿ ಬರೆದವರಿಗೆ ಬರುವುದಿಲ್ಲ.

ಅಥಣಿ ವಿದ್ಯಾರ್ಥಿನಿ:

ಎಲ್ಲರೂ ದೊಡ್ಡವರೇ ಮಾತಾಡುತ್ತಿದ್ದೀರಿ, ನಾನೂ ಒಂದು ಮಾತು ಹೇಳುತ್ತೇನೆ. ನಾನು ಈಗ ಪ್ರಥಮ ಪಿಯು ಆರ್ಟ್ಸ್‌ನಲ್ಲಿದ್ದೇನೆ. ಹತ್ತನೆಯಲ್ಲಿ ವಿಜ್ಞಾನಕ್ಕೆ ನನಗೆ ಒಳ್ಳೆಯ ಅಂಕವೇ ಬಂದಿತ್ತು.

ಪಾಸಿಂಗ್ ಪ್ಯಾಕೇಜ್ ಬಗ್ಗೆ ಎಲ್ಲರೂ ಬೈಯುತ್ತಾರೆ, ಆದರೆ ನನ್ನ ಗೆಳತಿಯರು ಎಷ್ಟೋ ಜನ ಅದರಿಂದಲೇ ಪಾಸಾದರು, ಅದಕ್ಕೆ ನಾನು ಅದನ್ನು ಬೈಯುವುದಿಲ್ಲ. ಬೇಜಾರಿರುವುದು ಬೇರೆ ವಿಷಯಕ್ಕೆ. ನಮ್ಮ ಶಾಲೆಯಲ್ಲಿ ವರ್ಷದಲ್ಲಿ ಒಂದು ಸಲ ಮೊಬೈಲ್ ಲ್ಯಾಬ್ ಗಾಡಿ ಬಂದಿತ್ತು. ಅವತ್ತು ಅವರು ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿಸಿದರು. ನನ್ನ ಉಸಿರಿಗೇ ನೀರು ಹಾಲಿನಂತೆ ಬೆಳ್ಳಗಾಯಿತು. ಇಂಗಾಲದ ಡೈಆಕ್ಸೈಡ್ ಎಂದು ಎಷ್ಟು ಸಲ ಬರೆದಿದ್ದೆ, ಅದು ನನ್ನೊಳಗಿಂದ ಬರುತ್ತದೆ ಎಂದು ಅವತ್ತೇ ಅನ್ನಿಸಿದ್ದು. ಮನೆಗೆ ಬಂದು ಅಜ್ಜಿಯ ಎಲೆ ಅಡಿಕೆ ಚೀಲದ ಸುಣ್ಣ ತೆಗೆದುಕೊಂಡು ನೀರಿಗೆ ಹಾಕಿ, ತಿಳಿಯಾಗುವವರೆಗೂ ಕಾದು, ತಮ್ಮನ ಕೈಯಲ್ಲಿ ಊದಿಸಿದೆ. ಅದೂ ಬೆಳ್ಳಗಾಯಿತು. ಅಂದರೆ ಲ್ಯಾಬ್ ಇಲ್ಲದೆಯೂ ಆಗುತ್ತದೆ. ನಮಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಪರೀಕ್ಷೆ ಇದ್ದರೆ ಮಾಡಿಸುತ್ತಾರೆ. ಅಂಕ ಇಲ್ಲದ್ದನ್ನು ನಮ್ಮ ಕಡೆ ಯಾರೂ ಮಾಡಿಸುವುದಿಲ್ಲ, ಪಿ.ಟಿ. ಪಿರಿಯಡ್ಡನ್ನೂ ಗಣಿತಕ್ಕೆ ಕೊಡುತ್ತಾರೆ. ಅದಕ್ಕೆ ನಾನು ಟೀಚರ್ ಕಡೆ.

ಜಮಖಂಡಿ ವಿಜ್ಞಾನ ಟೀಚರ್:

ಅಥಣಿ ತಂಗಿ, ನೀನು ಬರೆದದ್ದನ್ನು ನಾಳೆ ನನ್ನ ತರಗತಿಯಲ್ಲಿ ಓದಿ ಹೇಳುತ್ತೇನೆ.

ಹೆಡ್ ಸರ್, ಬೇಜಾರೇನೂ ಇಲ್ಲ. ನೀವು ಎತ್ತಿದ ಗುಳೆ ಮಕ್ಕಳ ಪ್ರಶ್ನೆ ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು. ನಮ್ಮ ತಾಲ್ಲೂಕಿಗೆ ಕಬ್ಬು ಕಡಿಯಲು ಬರುವ ಗ್ಯಾಂಗ್‌ಗಳಲ್ಲಿ ನಿಮ್ಮ ಕಡೆಯ ಮಕ್ಕಳೂ ಇರುತ್ತಾರೆ, ಗದ್ದೆಯ ಬದುವಿನ ಜೋಪಡಿಗಳಲ್ಲಿ ನಾನು ನೋಡುತ್ತೇನೆ. ಅದರ ಬಗ್ಗೆ ಇನ್ನೂ ಯೋಚಿಸಬೇಕು.

ಆದರೆ ಲ್ಯಾಬ್ ಇಲ್ಲ ಅನ್ನುವ ಮಾತಿಗೆ ಮಾತ್ರ ನನ್ನ ಉತ್ತರ ಇದೆ. ಹತ್ತನೆಯ ಪುಸ್ತಕದ ಪ್ರಯೋಗಗಳನ್ನು ಮುಂದಿಟ್ಟುಕೊಂಡು ನೋಡಿ. ಅರಿಶಿನದ ಕಾಗದಕ್ಕೆ ಸಾಬೂನಿನ ನೀರು, ನಿಂಬೆರಸ. ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿ ಬರುವ ಅನಿಲವನ್ನು ಸುಣ್ಣದ ತಿಳಿನೀರಿಗೆ ಬಿಡುವುದು. ಕಬ್ಬಿಣದ ಮೊಳೆಯನ್ನು ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣದಲ್ಲಿ ಇಡುವುದು. ಎಲೆಯನ್ನು ಬಣ್ಣ ಬಿಡಿಸಿ ಅಯೋಡಿನ್ ಹಾಕಿ ಪಿಷ್ಟ ನೋಡುವುದು. ಪೀನ ಮಸೂರದ ಸಂಗಮದೂರ ಅಳೆಯುವುದು. ಕಾಂತದ ಸುತ್ತ ಕಬ್ಬಿಣದ ಪುಡಿ ಹರಡುವುದು. ಇವುಗಳಲ್ಲಿ ಸ್ಪಿರಿಟ್ ಬೇಕಾಗುವುದು ಎಲೆಯ ಪ್ರಯೋಗಕ್ಕೆ ಮಾತ್ರ, ಅದನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕಾಯಿಸಬೇಕು, ನೇರ ಬೆಂಕಿಗೆ ಹಿಡಿಯಬಾರದು, ಅಷ್ಟು ಎಚ್ಚರ ಸಾಕು. ಗಾಢ ಆಮ್ಲ ಯಾವುದಕ್ಕೂ ಬೇಡ. ವೋಲ್ಟ್‌ಮೀಟರ್, ಆಮೀಟರ್ ಇಲ್ಲದ ಶಾಲೆಗೆ ಓಮ್‌ನ ನಿಯಮ ಕಷ್ಟ, ಒಪ್ಪುತ್ತೇನೆ. ಅದನ್ನು ಪಟ್ಟಿಯಿಂದ ಬಿಡೋಣ.

ಎರಡು ಹಂತದ ವಿಜ್ಞಾನಕ್ಕೆ ನನ್ನದೂ ವಿರೋಧ. ಚಿಕ್ಕೋಡಿ ಅಣ್ಣಾವ್ರೆ, ನಿಮ್ಮ ಮಗ ಮುಂದೆ ಏನಾಗುತ್ತಾನೆ ಎಂದು ಅವನ ಹತ್ತನೆಯಲ್ಲೇ ತೀರ್ಮಾನ ಮಾಡಲು ನಿಮಗೆ ಮನಸ್ಸು ಬರುತ್ತದಾ?

ತಿಕೋಟಾ ದ್ರಾಕ್ಷಿ ಬೆಳೆಗಾರ:

ಮೈಲುತುತ್ತ ಎಂದು ನೋಡಿ ಬರೆಯಬೇಕು ಅನ್ನಿಸಿತು. ನಾವು ದ್ರಾಕ್ಷಿ ತೋಟದವರು. ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ ಆಮೇಲೆ ಸೇರಿಸುತ್ತೇವೆ. ಕಬ್ಬಿಣದ ಪಾತ್ರೆ ಬಳಸಬಾರದು. ಸುಣ್ಣ ಕಡಿಮೆಯಾದರೆ ಎಲೆ ಸುಡುತ್ತದೆ. ಸುಣ್ಣ ಸಾಕಾಗಿದೆಯಾ ಎಂದು ನೋಡಲು ಕುಡುಗೋಲನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದುತ್ತೇವೆ. ಕೆಂಪಗೆ ತಾಮ್ರ ಹತ್ತಿದರೆ ಇನ್ನೂ ಸುಣ್ಣ ಹಾಕಬೇಕು. ಹತ್ತದಿದ್ದರೆ ಹೊಡೆಯಬಹುದು. ನಮ್ಮ ತಂದೆ ಕಾಲದಿಂದ ಹೀಗೇ ಮಾಡುತ್ತಿದ್ದೇವೆ.

ಮೊನ್ನೆ ಮಗಳ ಪುಸ್ತಕದಲ್ಲಿ ಕಬ್ಬಿಣದ ಮೊಳೆ, ತಾಮ್ರದ ಸಲ್ಫೇಟ್, ಸ್ಥಾನಪಲ್ಲಟ ಕ್ರಿಯೆ ಎಂದು ನೋಡಿದೆ. ಇದು ನಮ್ಮ ಕುಡುಗೋಲಿನ ಪರೀಕ್ಷೆಯೇ ಅಲ್ವಾ? ಮಗಳು ಅದನ್ನು ಬಾಯಿಪಾಠ ಮಾಡುತ್ತಾ ತೋಟದ ಮನೆಯಲ್ಲೇ ಕೂತಿದ್ದಳು, ಹೊರಗೆ ಡ್ರಮ್ಮು ಇತ್ತು. ಕರೆದುಕೊಂಡು ಹೋಗಿ ತೋರಿಸಿದೆ. ಕಬ್ಬಿಣ ತಾಮ್ರಕ್ಕಿಂತ ಜಾಸ್ತಿ ಚುರುಕು, ಅದಕ್ಕೆ ತಾಮ್ರವನ್ನು ಹೊರಗೆ ಹಾಕುತ್ತದೆ ಎಂದು ಅವಳೇ ನನಗೆ ಹೇಳಿದಳು. ಯಾಕೆ ಕಬ್ಬಿಣದ ಪಾತ್ರೆ ಬೇಡ ಎಂದು ನನಗೂ ಅವತ್ತು ಸರಿಯಾಗಿ ತಿಳಿಯಿತು.

ಸಾಲಿಯಲ್ಲಿ ಸಾಮಾನಿಲ್ಲ ಎಂದರೆ ನಮ್ಮಂಥ ರೈತರನ್ನು ಕೇಳಿ. ನಮ್ಮ ಹತ್ತಿರ ಮೈಲುತುತ್ತ ಇದೆ, ಸುಣ್ಣ ಇದೆ. ಮಣ್ಣು ಪರೀಕ್ಷೆಯ ಕಾರ್ಡ್ ಇದೆ, ಅದರಲ್ಲಿ ಪಿಎಚ್ ಬರೆದಿರುತ್ತದೆ. ಕೃಷ್ಣೆಯ ಕಾಲುವೆ ನೀರು ಹರಿದ ಕಡೆ ಎಷ್ಟು ಭೂಮಿ ಸವಳು ಜವಳಾಗಿದೆ (ಉಪ್ಪೇರಿ ಜೌಗಾಗಿದೆ) ಎಂದು ಟೀಚರ್‌ಗೆ ಗೊತ್ತಿರುತ್ತದೆ. ಒಳ್ಳೆಯ ಹೊಲದ ಮಣ್ಣು ಒಂದು ಡಬ್ಬಿ, ಸವಳು ಮಣ್ಣು ಒಂದು ಡಬ್ಬಿ ತಂದು ಪಿಎಚ್ ಕಾಗದದಲ್ಲಿ ನೋಡಲಿ. ಅದಕ್ಕೆ ಜಿಪ್ಸಮ್ ಯಾಕೆ ಹಾಕುತ್ತಾರೆ ಎಂದು ಕೇಳಲಿ. ಓದಿ ವಾಪಸ್ ಹೊಲಕ್ಕೇ ಬರುವ ಹುಡುಗನಿಗೆ ಇದಕ್ಕಿಂತ ಉಪಯೋಗದ ಪಾಠ ಯಾವುದಿದೆ?

ಖಾನಾಪುರ ಮರಾಠಿ ಮಾಧ್ಯಮ ಶಿಕ್ಷಕ:

ಚಿಕ್ಕದೊಂದು ಸೂಚನೆ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಮರಾಠಿ ಮಾಧ್ಯಮದ ಪ್ರೌಢಶಾಲೆಗಳಿವೆ, ವಿಜಯಪುರದ ಕಡೆ ಉರ್ದು ಮಾಧ್ಯಮದವು ಇವೆ. ಲಿಖಿತ ಪತ್ರಿಕೆ ಆಯಾ ಭಾಷೆಯಲ್ಲೇ ಬರುತ್ತದೆ. ಪ್ರಾಕ್ಟಿಕಲ್ ಆದರೆ ಪಕ್ಕದ ಶಾಲೆಯ ಶಿಕ್ಷಕರು ಬರುತ್ತಾರೆ ಎಂದಿರಿ. ಆ ಪಕ್ಕದ ಶಾಲೆ ಕನ್ನಡ ಮಾಧ್ಯಮದ್ದಾದರೆ, ಬಾಯಿಂದ ಕೇಳುವ ಪ್ರಶ್ನೆ ಮಗುವಿಗೆ ಅರ್ಥವಾಗಬೇಕಲ್ಲ. ಪರೀಕ್ಷಕರು ಅದೇ ಮಾಧ್ಯಮದವರು ಇರಬೇಕು, ಅದಕ್ಕಾಗಿ ದೂರದ ಶಾಲೆಯಿಂದ ಕರೆಸಬೇಕಾದರೂ ಸರಿ. ಇದನ್ನು ಬರೆಯದೆ ಬಿಟ್ಟರೆ ಆಮೇಲೆ ಯಾರಿಗೂ ನೆನಪಾಗುವುದಿಲ್ಲ. ಉಳಿದಂತೆ ನನ್ನ ಒಪ್ಪಿಗೆ ಇದೆ.

ಇಂಡಿ ಹೆಡ್ ಮಾಸ್ತರ್:

ತಿಕೋಟಾದವರು ಬರೆದದ್ದು ಓದಿ ಖುಷಿಯಾಯಿತು. ಟೀಚರ್ ಕೊಟ್ಟ ಪಟ್ಟಿಯೂ ಮಾಡಬಹುದಾದದ್ದೇ. ಲ್ಯಾಬ್ ಬಗ್ಗೆ ನನ್ನ ತಕರಾರು ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಗುಳೆ ಮಕ್ಕಳ ಬಗ್ಗೆ ನಮ್ಮ ವಿಜ್ಞಾನ ಶಿಕ್ಷಕರ ಜೊತೆ ಕೂತು ಮಾತಾಡಿದೆ. ಮಕ್ಕಳು ಹೋಗುವುದು ದೀಪಾವಳಿಯ ಸುಮಾರಿಗೆ. ಅಂದರೆ ಜೂನ್‌ನಿಂದ ದಸರಾ ರಜೆಯವರೆಗೆ ಎಲ್ಲರೂ ಶಾಲೆಯಲ್ಲೇ ಇರುತ್ತಾರೆ. ನಾವು ಪ್ರಯೋಗಗಳನ್ನು ವರ್ಷವಿಡೀ ಹಂಚಿ, ಕೊನೆಗೆ ಸಮಯವಿಲ್ಲ ಎಂದು ಬಿಡುತ್ತೇವೆ. ಅದರ ಬದಲು ಪ್ರಯೋಗಗಳನ್ನೆಲ್ಲ ದಸರೆಯೊಳಗೇ ಮುಗಿಸಿದರೆ? ಪಾಠದ ಕ್ರಮ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಬೆಳಕಿನ ಪಾಠಕ್ಕೆ ಮೊದಲೇ ಮಸೂರ ಕೈಗೆ ಕೊಡಬೇಕಾಗುತ್ತದೆ. ಅದರಿಂದ ನಷ್ಟವೇನೂ ಇಲ್ಲ ಎಂದು ನಮ್ಮ ಶಿಕ್ಷಕರು ಹೇಳಿದರು. ಮೊದಲು ನೋಡಿದ ಮಗುವಿಗೆ ಆಮೇಲೆ ಪಾಠ ಬೇಗ ಹತ್ತುತ್ತದೆ ಎಂದರು. ಪ್ರಾಯೋಗಿಕ ಪರೀಕ್ಷೆಯೂ ದಸರೆಗೆ ಮೊದಲೇ ಆಗಬೇಕು. ಫೆಬ್ರವರಿಯಲ್ಲಿ ಇಟ್ಟರೆ ನಮ್ಮ ಮಕ್ಕಳು ಸಿಗುವುದಿಲ್ಲ.

ಆದರೆ ಫೇಲ್ ಮಾಡುವ ಷರತ್ತಿಗೆ ನಾನು ಇನ್ನೂ ಒಪ್ಪಿಲ್ಲ. ಕಡ್ಡಾಯ ಅನ್ನುವುದು ಮೊದಲು ಶಾಲೆಯ ಮೇಲೆ ಇರಲಿ. ಯಾವ ದಿನ ಯಾವ ಪ್ರಯೋಗ ಆಯಿತು, ಎಷ್ಟು ಮಕ್ಕಳು ಮಾಡಿದರು ಎಂಬ ದಾಖಲೆ ಇಲ್ಲದ ಶಾಲೆಯ ಆಂತರಿಕ ಅಂಕವನ್ನು ಪರೀಕ್ಷಾ ಮಂಡಳಿ ಒಪ್ಪಬಾರದು, ಅಲ್ಲಿಗೆ ಅಧಿಕಾರಿಗಳೇ ಬಂದು ಪ್ರಯೋಗ ಮಾಡಿಸಿ ಅಂಕ ಕೊಡಬೇಕು.

ವಿಜಯಪುರ ಪಿಯು ಕೆಮಿಸ್ಟ್ರಿ:

ಹೆಡ್ ಸರ್, ದಾಖಲೆ ಅಂದರೆ ಮತ್ತೆ ಬರೆಯುವ ಕೆಲಸವೇ. ದಿನಾಂಕ ಹಾಕಿ, ಸಹಿ ಮಾಡಿ, ಫೋಟೋ ತೆಗೆದು ಕಳಿಸುತ್ತಾರೆ. ಮಗುವಿಗೆ ಫಲಿತಾಂಶದಲ್ಲಿ ವ್ಯತ್ಯಾಸ ಆಗದಿದ್ದರೆ ಪಾಲಕರೂ ಕೇಳುವುದಿಲ್ಲ, ಆಡಳಿತವೂ ಕೇಳುವುದಿಲ್ಲ. ಪ್ರತ್ಯೇಕ ಕನಿಷ್ಠ ಅಂಕ ಇಲ್ಲದ ಪ್ರಾಕ್ಟಿಕಲ್‌ನಿಂದ ಉಪಯೋಗವಿಲ್ಲ ಎಂಬ ನನ್ನ ಮಾತಿಗೆ ನಾನು ನಿಲ್ಲುತ್ತೇನೆ. ಫೇಲ್ ಆದ ಮಗುವಿಗೆ ಇನ್ನೊಂದು ಅವಕಾಶ ಕೊಡೋಣ. ಈಗ ಲಿಖಿತಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಇದೆಯಲ್ಲ, ಪ್ರಾಯೋಗಿಕಕ್ಕೂ ಹಾಗೇ ಇರಲಿ. ಊರಿಗೆ ತಿರುಗಿ ಬಂದ ಮಗು ಬೇಸಿಗೆಯಲ್ಲಿ ಮಾಡಿ ತೋರಿಸಲಿ.

ಚಿಕ್ಕೋಡಿ ಪಾಲಕ:

ಟೀಚರ್, ನಿಮ್ಮ ಪ್ರಶ್ನೆಗೆ ಮನೆಯಲ್ಲಿ ಅವನನ್ನೇ ಕೇಳಿದೆ. ಬೇಸಿಕ್ ತೆಗೆದುಕೊಳ್ಳುತ್ತೀಯಾ ಎಂದರೆ ಮುಖ ಸಣ್ಣ ಮಾಡಿದ. ಆ ವಿಷಯ ನಾನು ಇಲ್ಲಿಗೆ ಬಿಡುತ್ತೇನೆ.

ಒಂದು ಸಹಾಯ ಮಾಡಬಲ್ಲೆ. ಈ ಸೀಜನ್‌ನಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕುವುದನ್ನು ನೋಡಲು ನಮ್ಮ ಮಗನ ಶಾಲೆಯ ಮಕ್ಕಳಿಗೆ ಕಾರ್ಖಾನೆಯಲ್ಲಿ ಅನುಮತಿ ಕೇಳುತ್ತೇನೆ. ಅದು ಆಗದಿದ್ದರೆ ಮಹಾಲಿಂಗಪುರದ ಕಡೆ ಬೆಲ್ಲದ ಗಾಣಗಳಿವೆ, ಅಲ್ಲೂ ಸುಣ್ಣ ಹಾಕುತ್ತಾರೆ.

ಜಮಖಂಡಿ ವಿಜ್ಞಾನ ಟೀಚರ್:

ಎಲ್ಲರ ಮಾತೂ ಓದಿದೆ. ಶಿಕ್ಷಣ ಇಲಾಖೆಗೆ ಕೊಡುವ ಮನವಿಯನ್ನು ಹೀಗೆ ಬರೆಯಬೇಕು ಎಂದುಕೊಂಡಿದ್ದೇನೆ.

ಆಂತರಿಕ 20ರಲ್ಲಿ 10 ಅಂಕ ಪ್ರಯೋಗಕ್ಕೆ. ಲ್ಯಾಬ್ ಇಲ್ಲದೆಯೂ ಆಗುವಂಥ ಪ್ರಯೋಗಗಳ ಪಟ್ಟಿಯನ್ನು ಮಂಡಳಿಯೇ ಜೂನ್‌ನಲ್ಲಿ ಕೊಡಬೇಕು. ಪರೀಕ್ಷೆ ದಸರೆಗೆ ಮೊದಲು ಆಗಬೇಕು. ತಪ್ಪಿಸಿಕೊಂಡವರಿಗೆ, ಆಗದವರಿಗೆ ಮತ್ತೆ ಎರಡು ಅವಕಾಶ. ಪರೀಕ್ಷಕರು ಬೇರೆ ಶಾಲೆಯವರು, ಆದರೆ ಅದೇ ಮಾಧ್ಯಮದವರು. ಕಣ್ಣು ಕಾಣದ, ಕೈಗೆ ತೊಂದರೆ ಇರುವ ಮಕ್ಕಳಿಗೆ ಅವರಿಗೆ ಹೊಂದುವ ಬೇರೆ ಪ್ರಯೋಗ. ಅತಿಥಿ ಶಿಕ್ಷಕರನ್ನು ಶಾಲೆ ಶುರುವಾಗುವ ದಿನವೇ ಕೊಡಬೇಕು, ಇಲ್ಲದಿದ್ದರೆ ದಸರೆಯೊಳಗೆ ಮುಗಿಸಿ ಎಂದು ಯಾರನ್ನೂ ಕೇಳುವಂತಿಲ್ಲ.

ಕನಿಷ್ಠ ಅಂಕದ ವಿಷಯದಲ್ಲಿ ಹೆಡ್ ಸರ್‌ಗೂ ಪಿಯು ಸರ್‌ಗೂ ಒಮ್ಮತವಿಲ್ಲ. ಮೊದಲ ಎರಡು ವರ್ಷ ಮಗುವನ್ನು ಫೇಲ್ ಮಾಡದೆ, ಪ್ರಯೋಗದ ಅಂಕವನ್ನು ಅಂಕಪಟ್ಟಿಯಲ್ಲಿ ಬೇರೆಯಾಗಿ ತೋರಿಸಬೇಕು ಎಂದು ಬರೆಯುತ್ತೇನೆ. ಆಗ ಪಾಲಕರು ಕೇಳುತ್ತಾರೆ, ಪಿಯು ಕಾಲೇಜಿನವರೂ ನೋಡುತ್ತಾರೆ. ಎರಡು ವರ್ಷ ಶಾಲೆಗಳಿಗೆ ಸಾಮಾನು, ಶಿಕ್ಷಕರು ಸಿಕ್ಕ ಮೇಲೆ ಮೂರನೆಯ ವರ್ಷದಿಂದ ಕನಿಷ್ಠ ಅಂಕ ಬರಬೇಕು. ಶಾಶ್ವತವಾಗಿ ಷರತ್ತೇ ಬೇಡ ಎಂಬುದನ್ನು ನಾನು ಒಪ್ಪಲಾರೆ. ಪ್ರಯೋಗ ಮಾಡದೆ ವಿಜ್ಞಾನ ಪಾಸು ಎಂದು ಸರ್ಕಾರ ಸಹಿ ಮಾಡಿ ಕೊಡುವುದು ಆ ಮಗುವಿಗೆ ಮಾಡುವ ಅನ್ಯಾಯ ಎಂದೇ ನನ್ನ ನಂಬಿಕೆ.

ಸಹಿ ಹಾಕುವವರು ಇಲ್ಲೇ ತಿಳಿಸಿ. ಬಾಗಲಕೋಟೆ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿಗೆ ನಾನು ಕೊಡುತ್ತೇನೆ. ಬೆಳಗಾವಿಗೂ ಚಿಕ್ಕೋಡಿಗೂ ಬೇರೆ ಬೇರೆ ಕಚೇರಿ ಇದೆ, ಎರಡಕ್ಕೂ ಒಬ್ಬೊಬ್ಬರು ಬೇಕು. ವಿಜಯಪುರಕ್ಕೂ ಒಬ್ಬರು.

ಇಂಡಿ ಹೆಡ್ ಮಾಸ್ತರ್:

ವಿಜಯಪುರದ್ದು ನಾನು ಕೊಡುತ್ತೇನೆ. ಮೂರನೆಯ ವರ್ಷದ ಸಾಲಿಗೆ ಒಂದು ತಿದ್ದುಪಡಿ ಬೇಕು. ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿ ಇರುವ ಶಾಲೆಗೆ ಆ ವರ್ಷ ಷರತ್ತು ಅನ್ವಯಿಸಬಾರದು ಎಂದು ಸೇರಿಸಿ. ಅದಿದ್ದರೆ ನನ್ನ ಸಹಿ ಇದೆ, ಇಲ್ಲದಿದ್ದರೆ ಇಲ್ಲ.

ಜಮಖಂಡಿ ವಿಜ್ಞಾನ ಟೀಚರ್:

ಸೇರಿಸಿದ್ದೇನೆ ಸರ್. ಖಾನಾಪುರದ ಸರ್, ಬೆಳಗಾವಿಯದ್ದು ನೀವು ತೆಗೆದುಕೊಳ್ಳುತ್ತೀರಾ? ಮರಾಠಿ, ಉರ್ದು ಮಾಧ್ಯಮದ ಸಾಲನ್ನು ನೀವೇ ಒಮ್ಮೆ ಓದಿ ತಿದ್ದಿ ಕಳಿಸಿ.